ಮಾಳಿಗೆ ಮೇಲಿನ ರಷ್ಯಾ ಪುರಾಣ

ಬಳ್ಳಾರಿಯಲ್ಲಿ ರಾಜಕೀಯದ ಮಾತಿಗೆ ಬರ ಇಲ್ಲ. ಒಗ್ಗರಣಿ-ಮಿರ್ಚಿ ಅಂಗಡಿ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಾಕು. ಯಾರಿಗೆ ಟಿಕೆಟ್ ಸಿಗುತ್ತದೆ, ಯಾರು ಯಾರ ಕಾಲು ಎಳೆಯುತ್ತಿದ್ದಾರೆ, ಯಾರ ಕೇಸು ಯಾವ ಕೋರ್ಟಿನಲ್ಲಿದೆ, ಎಲ್ಲ ತಿಳಿಯುತ್ತದೆ. 1999ರ ಲೋಕಸಭಾ ಚುನಾವಣೆಯಲ್ಲಿ ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ಇಲ್ಲಿ ಎದುರಾದಾಗ ದೆಹಲಿಯ ಕ್ಯಾಮೆರಾಗಳೆಲ್ಲ ನಮ್ಮ ಬಿಸಿಲಿಗೆ ಬಂದು ನಿಂತಿದ್ದವು. ಸುಷ್ಮಾ ಕನ್ನಡ ಕಲಿತು ಭಾಷಣ ಮಾಡಿದರು. ಸೋನಿಯಾ 56 ಸಾವಿರ ಚಿಲ್ಲರೆ ಮತಗಳಿಂದ ಗೆದ್ದರು, ಆಮೇಲೆ ಅಮೇಠಿ ಇಟ್ಟುಕೊಂಡು ಬಳ್ಳಾರಿ ಬಿಟ್ಟರು. ಆ ಚುನಾವಣೆಯ ಕತೆ ಹೇಳಲು ಜನ ಇವತ್ತಿಗೂ ತಯಾರು. ಆದರೆ ಅವತ್ತು ನೀವು ಯಾರಿಗೆ ಹಾಕಿದಿರಿ, ಯಾಕೆ ಹಾಕಿದಿರಿ ಅಂತ ಕೇಳಿ ನೋಡಿ. ಮಾತು ಮಳೆ-ಬೆಳೆಗೆ ಹೊರಳುತ್ತದೆ.

ಭಯ ಒಂದೇ ಕಾರಣ ಅಲ್ಲ. ಗಣಿ ದುಡ್ಡು ಹರಿದ ವರ್ಷಗಳಲ್ಲಿ ಒಬ್ಬರ ಅಳಿಯನ ಲಾರಿ ಅದಿರು ಹೊರುತ್ತಿತ್ತು. ಇನ್ನೊಬ್ಬರ ಹೊಲದಲ್ಲಿ ಅದಿರಿನ ರಾಶಿ ಬಿದ್ದು ಬಾಡಿಗೆ ಬರುತ್ತಿತ್ತು. ಮತ್ತೊಬ್ಬರ ಮೆಣಸಿನಕಾಯಿ ಬೆಳೆ ಮೇಲೆ ಕೆಂಪು ದೂಳು ಕೂಡುತ್ತಿತ್ತು. ಮೂವರೂ ಒಂದೇ ಮನೆತನದವರು, ಒಂದೇ ಪಂಕ್ತಿಯಲ್ಲಿ ಉಣ್ಣುವವರು. 2011ರ ಜುಲೈನಲ್ಲಿ ಲೋಕಾಯುಕ್ತರ ವರದಿ ಬಂತು, ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿತು. ಕಂತು ಕಟ್ಟಲಾಗದ ಲಾರಿಗಳನ್ನು ಫೈನಾನ್ಸಿನವರು ಎಳೆದುಕೊಂಡು ಹೋದರು. ತಪ್ಪು ಯಾರದು ಅಂತ ಬಾಯಿಬಿಟ್ಟರೆ ಮದುವೆ-ಮುಂಜಿಗೆ ಹೋಗುವ ದಾರಿ ಮುಚ್ಚುತ್ತದೆ. ಹಾಗಾಗಿ ನಾವೆಲ್ಲ ನಾಯಕರ ಬಗ್ಗೆ ಜಾಸ್ತಿ ಮಾತಾಡಿ ನಮ್ಮ ಬಗ್ಗೆ ಮಾತಾಡುವುದನ್ನು ತಪ್ಪಿಸಿಕೊಂಡೆವು.

ನಮ್ಮ ಮನೆಯಲ್ಲಿ ಈ ಗಂಟು ಸಡಿಲಾದದ್ದು ರಷ್ಯಾದ ಕಾದಂಬರಿಕಾರ ದಾಸ್ತೊಯೆವ್‌ಸ್ಕಿಯಿಂದ. ಕೇಳಿದವರು ನಗುತ್ತಾರೆ, ನಗಲಿ.

ಕಾಕಾ ನಿವೃತ್ತ ಮಾಸ್ತರು. ಕಣ್ಣಿನ ಆಪರೇಷನ್ ಆದ ಮೇಲೆ ಸಣ್ಣ ಅಕ್ಷರ ಓದಲು ತ್ರಾಸು. 'ಏನರೆ ದೊಡ್ಡದು ಓದಿ ಹೇಳೋ, ಪೇಪರ್ ಓದಿ ಓದಿ ತಲಿ ಕೆಟ್ಟೈತಿ' ಅಂದರು. ಕಾಕಾ ಮತ್ತು ನಾನು ಯಾವತ್ತಾದರೂ ಒಂದೇ ಪಕ್ಷಕ್ಕೆ ವೋಟು ಹಾಕಿದ್ದೇವೆ ಅಂತ ನನಗೆ ಅನ್ನಿಸುವುದಿಲ್ಲ. ಪೇಪರ್ ಓದಲು ಕೂತರೆ ಮೊದಲ ಪುಟದಲ್ಲೇ ಜಗಳ. ಅದಕ್ಕೇ ದಾಸ್ತೊಯೆವ್‌ಸ್ಕಿಯ ಕಾದಂಬರಿ 'ಕರಮಜೋವ್ ಸಹೋದರರು' ಹಿಡಿದೆ. ಇಂಗ್ಲಿಷಿನಲ್ಲಿ ಓದಿಕೊಂಡು ರಾತ್ರಿ ಊಟ ಆದ ಮೇಲೆ ಮಾಳಿಗೆ ಮೇಲೆ ನಮ್ಮ ಮಾತಿನಲ್ಲಿ ಹೇಳುವುದು. ಬೇಸಿಗೆಯಲ್ಲಿ ಬಳ್ಳಾರಿಯವರು ಕೋಣೆಯಲ್ಲಿ ಮಲಗುವುದು ಅಷ್ಟಕ್ಕಷ್ಟೇ. ಚಿಗವ್ವ ಅಂಗನವಾಡಿ ಟೀಚರ್ ಆಗಿದ್ದವರು, ಕೇಳುತ್ತ ಕೇಳುತ್ತ ಸೊಪ್ಪು ಸೋಸುತ್ತಿದ್ದರು. ಪಕ್ಕದ ಮನೆಯ ಗೆಳೆಯ, ನಾಲ್ಕಾರು ಮಷಿನ್ ಇಟ್ಟು ಜೀನ್ಸ್ ಹೊಲಿಸುವವ, ಮೊದಲು ಗೋಡೆಯಾಚೆಯಿಂದ ಕೇಳಿಸಿಕೊಂಡ, ಆಮೇಲೆ ಚಾಪೆ ಹಿಡಿದು ಈಚೆಗೇ ಬಂದ. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚುತ್ತಾರಲ್ಲ, ಹಾಗೆ. ಕಾಕಾ ಇದಕ್ಕೆ ರಷ್ಯಾ ಪುರಾಣ ಅಂತಲೇ ಹೆಸರಿಟ್ಟರು.

ಬರೆದವನ ಕತೆಯನ್ನೇ ಮೊದಲು ಹೇಳಬೇಕಾಯಿತು. ಸರ್ಕಾರಕ್ಕೆ ಆಗದ ಗೆಳೆಯರ ಗುಂಪಿನಲ್ಲಿ ಕೂತು ಮಾತಾಡಿದ, ನಿಷೇಧಿಸಿದ ಪತ್ರ ಓದಿದ ಅಂತ 1849ರಲ್ಲಿ ಅವನನ್ನು ಹಿಡಿದರು. ಡಿಸೆಂಬರಿನ ಚಳಿಯಲ್ಲಿ ಗುಂಡಿಕ್ಕಲು ಮೈದಾನಕ್ಕೆ ತಂದು ನಿಲ್ಲಿಸಿ, ಕೊನೆ ಗಳಿಗೆಯಲ್ಲಿ ರಾಜನ ಕ್ಷಮೆ ಓದಿದರು. ನಾಟಕ ಅದು, ಮೊದಲೇ ತೀರ್ಮಾನ ಆಗಿತ್ತು. ಆಮೇಲೆ ನಾಲ್ಕು ವರ್ಷ ಸೈಬೀರಿಯಾದ ಓಮ್ಸ್ಕ್‌ನಲ್ಲಿ ಬೇಡಿ ಹಾಕಿದ ಸೆರೆ. ತಿರುಗಿ ಬಂದವನು ರಾಜನ ಪರ, ಚರ್ಚಿನ ಪರ. ಕಾಕಾಗೆ ಇದು ಹಿಡಿಸಿತು. ಆದರೆ ಇನ್ನೂ ಇದೆ ಅಂದೆ. 'ಲೇಖಕನ ದಿನಚರಿ' ಅಂತ ಅವನೇ ಒಂದು ಪತ್ರಿಕೆ ಹೊರಡಿಸುತ್ತಿದ್ದ. ಅದರಲ್ಲಿ ಯಹೂದಿಗಳ ಬಗ್ಗೆ 1877ರಲ್ಲಿ ಬರೆದದ್ದು ಇವತ್ತು ಓದಿದರೆ ಮುಜುಗರ ಆಗುತ್ತದೆ. ಕಾನ್‌ಸ್ಟಾಂಟಿನೋಪಲ್ ನಮಗೆ ಸೇರಬೇಕು ಅಂತಲೂ ಗಟ್ಟಿಯಾಗಿ ಬರೆದ. 'ಇಷ್ಟು ತಿಳದಾವ ಹಂಗ್ಯಾಕ ಬರದ?' ಅಂತ ಚಿಗವ್ವ ಕೇಳಿದರು.

ನನ್ನ ಲೆಕ್ಕ ಇದು. ಪತ್ರಿಕೆಯಲ್ಲಿ ಬರೆಯುವಾಗ ಅವನಿಗೆ ಎದುರಾಳಿಯ ಬಾಯಿ ಮುಚ್ಚಿಸಬೇಕಿತ್ತು. ಕಾದಂಬರಿಯಲ್ಲಿ ಎದುರಾಳಿಗೆ ಬಾಯಿ ಕೊಡದೆ ಕೆಲಸ ಸಾಗುವುದಿಲ್ಲ. ದೇವರನ್ನು ನಂಬುವ ಈ ಮನುಷ್ಯ ಇವಾನ್ ಎಂಬ ಪಾತ್ರದ ಕೈಗೆ ದೇವರ ವಿರುದ್ಧ ಎಂಥ ವಾದ ಕೊಟ್ಟ ಅಂದರೆ, ಅದನ್ನು ಬರೆದ ಮೇಲೆ ಅವನಿಗೇ ಅಳುಕು ಹುಟ್ಟಿತು. ಆಸ್ಥಾನಕ್ಕೆ ಹತ್ತಿರದ ಗೆಳೆಯನೊಬ್ಬ ಇದಕ್ಕೆ ಉತ್ತರ ಎಲ್ಲಿ ಅಂತ ಕೇಳಿದಾಗ, ಮುಂದಿನ ಭಾಗವೇ ಉತ್ತರ, ಅದು ಸಾಲುತ್ತದೋ ಇಲ್ಲವೋ ಎಂದು ಹೆದರಿಕೆ ಎಂಬರ್ಥದಲ್ಲಿ ಬರೆದ. ತನ್ನ ಮಾತು ಸಾಲದೆ ಹೋಗಬಹುದು ಎಂದು ಒಪ್ಪಿಕೊಳ್ಳುವ ಒಬ್ಬ ಟಿವಿ ವಕ್ತಾರನನ್ನು ನೀವು ನೋಡಿದ್ದೀರಾ?

ಇವಾನ್‌ನ ವಾದ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಅವನು ಪೇಪರುಗಳಿಂದ ಮಕ್ಕಳ ಮೇಲಿನ ಕ್ರೌರ್ಯದ ಸುದ್ದಿ ಕೂಡಿಸಿಟ್ಟುಕೊಂಡಿದ್ದಾನೆ. ಒಬ್ಬ ಜನರಲ್, ಸಾವಿರಾರು ಜೀತದಾಳುಗಳ ಒಡೆಯ. ಎಂಟು ವರ್ಷದ ಹುಡುಗ ಆಡುವಾಗ ಎಸೆದ ಕಲ್ಲು ಜನರಲ್‌ನ ಬೇಟೆನಾಯಿಯ ಕಾಲಿಗೆ ತಾಗುತ್ತದೆ. ಮರುದಿನ ಬೆಳಿಗ್ಗೆ ಹುಡುಗನನ್ನು ಓಡಿಸಿ ಅವನ ಮೇಲೆ ನಾಯಿ ಬಿಡಿಸುತ್ತಾನೆ. ತಾಯಿ ನೋಡುತ್ತಿರಬೇಕು. ಇವಾನ್ ತಮ್ಮ ಅಲ್ಯೋಶಾಗೆ ಹೇಳುವುದು ಇಷ್ಟು: ಮುಂದೊಂದು ದಿನ ಎಲ್ಲ ಸರಿಹೋಗಿ, ಆ ತಾಯಿಯೂ ಆ ಜನರಲ್ ಕೂಡ ಅಪ್ಪಿಕೊಂಡು ದೇವರು ನ್ಯಾಯವಂತ ಅಂತ ಹಾಡಬಹುದು. ತನ್ನ ಸಂಕಟವನ್ನು ಬೇಕಾದರೆ ಅವಳು ಕ್ಷಮಿಸಲಿ. ಮಗನ ಸಂಕಟವನ್ನು ಕ್ಷಮಿಸುವ ಹಕ್ಕು ಅವಳಿಗಿಲ್ಲ. ಒಂದು ಮಗುವಿನ ಕಣ್ಣೀರಿನ ಬೆಲೆಗೆ ಬರುವ ಆ ಸ್ವರ್ಗ ನನಗೆ ಬೇಡ, ನನ್ನ ಟಿಕೆಟ್ ವಾಪಸ್ ತಗೊಳ್ಳಿ. ಗಮನಿಸಿ, ದೇವರೇ ಇಲ್ಲ ಅಂತ ಅವನು ಅಲ್ಲಿ ಹೇಳುವುದಿಲ್ಲ. ಲೆಕ್ಕ ಒಪ್ಪುವುದಿಲ್ಲ ಅನ್ನುತ್ತಾನೆ.

ಚಿಗವ್ವ ಸೊಪ್ಪಿನ ಬುಟ್ಟಿ ಪಕ್ಕಕ್ಕಿಟ್ಟರು. 'ಮೊನ್ನೆ ನಮ್ಮ ಊರಾಗ ಸತ್ರಲ್ಲ ಬಾಣಂತ್ಯಾರು, ಅವರ ಕೂಸುಗಳ ಲೆಕ್ಕಾ ಯಾರು ಕೊಡ್ತಾರ?' ಅಂದರು. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ತಾಯಂದಿರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಸತ್ತವರು ಐದು ಮಂದಿ. ಏರಿಸಿದ ಗ್ಲೂಕೋಸ್ ಬಾಟಲಿಯಂಥ ದ್ರಾವಣ, ರಿಂಗರ್ ಲ್ಯಾಕ್ಟೇಟ್, ಅದರ ಮೇಲೆ ಅನುಮಾನ ಬಿತ್ತು. ಔಷಧ ನಿಯಂತ್ರಕರ ಅಮಾನತಾಯಿತು. ಮಂತ್ರಿಗಳೂ ಬಂದರು, ವಿರೋಧ ಪಕ್ಷದವರೂ ಬಂದರು. ಆಗ ನಮ್ಮ ಮನೆಯಲ್ಲೂ ಜಗಳ ನಡೆದಿತ್ತು, ಆದರೆ ಅದು ಯಾವ ಸರ್ಕಾರ ಕೆಟ್ಟದ್ದು ಅಂತ ನಡೆದ ಜಗಳ. ಐದು ಮನೆಗಳ ಬಗ್ಗೆ ಅಲ್ಲ.

ಈ ಸಲ ಚಿಗವ್ವ ಬೇರೆಯದೇ ಮಾತು ತೆಗೆದರು. ವರ್ಷಾನುಗಟ್ಟಲೆ ಬಸುರಿಯರ ತೂಕ ಬರೆದುಕೊಂಡವರು, ಹೆರಿಗೆಗೆ ಜೊತೆಗೆ ಹೋದವರು. ಬಾಣಂತಿ ಸತ್ತಾಗ ಹತ್ತಿರದವರಿಗೆ ಏನು ಹೇಳುತ್ತಾರೆ? 'ಋಣ ಇಷ್ಟ ಇತ್ತು, ಸಮಾಧಾನ ಮಾಡ್ಕೊ.' ಮೊದಲು ಹಾಗೆ ಹೇಳುವವರು ಯಾರು ಅಂತ ನೋಡಿದ್ದೀರಾ ಅಂದರು. 'ಋಣ ಅಂತ ನೊಂದವರು ಅನ್ಕೋಬೇಕ್ರಿ. ಔಷಧ ತರಿಸಿದವರು ಅನ್ನಬಾರದು.' ಕಾಕಾ ತಲೆ ಅಲ್ಲಾಡಿಸಿದರು, ವಾದ ಮಾಡಲಿಲ್ಲ. ನಂಬಿಕೆ ಮತ್ತು ರಾಜಕೀಯದ ನಡುವಿನ ಗಡಿ ಎಲ್ಲಿದೆ ಅಂತ ನಾನು ಓದಿದ ಯಾವ ಲೇಖನವೂ ಇಷ್ಟು ನೇರವಾಗಿ ಹೇಳಿಲ್ಲ.

ಇದೇ ಪುಸ್ತಕದಲ್ಲಿ ಇನ್ನೊಬ್ಬ ತಾಯಿ ಇದ್ದಾಳೆ. ಮೂರು ವರ್ಷ ತುಂಬಲು ಮೂರು ತಿಂಗಳಿದ್ದ ಮಗ ಸತ್ತ ದುಃಖಕ್ಕೆ ಊರೂರು ಅಲೆಯುತ್ತ ಜೋಸಿಮಾ ಎಂಬ ಹಿರಿಯ ಸನ್ಯಾಸಿಯ ಹತ್ತಿರ ಬರುತ್ತಾಳೆ. ಅವನು ಮೊದಲು ಎಲ್ಲರಂತೆ ನಿನ್ನ ಮಗ ದೇವರ ಹತ್ತಿರ ಇದ್ದಾನೆ ಅನ್ನುತ್ತಾನೆ. ಅವಳ ಗಂಡನೂ ಅದನ್ನೇ ಹೇಳಿರುತ್ತಾನೆ, ಅವಳಿಗೆ ಅದು ಸಾಕಾಗಿಲ್ಲ. ಆಗ ಸನ್ಯಾಸಿ ಮಾತು ಬದಲಿಸುತ್ತಾನೆ. ಸಮಾಧಾನ ಮಾಡಿಕೊಳ್ಳಬೇಡ, ಅಳು. 1878ರ ಮೇ ತಿಂಗಳಲ್ಲಿ ದಾಸ್ತೊಯೆವ್‌ಸ್ಕಿಯ ಮಗ ಅಲ್ಯೋಶಾ ಮೂರ್ಛೆರೋಗದಿಂದ ತೀರಿಕೊಂಡ, ಅವನಿಗೂ ಮೂರು ತುಂಬಿರಲಿಲ್ಲ. ಅಪ್ಪನಿಗೆ ಇದ್ದ ಅದೇ ರೋಗ. ಅದಾದ ಮೇಲೆ ಅವನು ಆಪ್ಟಿನಾ ಮಠಕ್ಕೆ ಹೋಗಿ ಅಲ್ಲಿನ ಹಿರಿಯ ಸ್ವಾಮಿಯನ್ನು ಕಂಡ. ಬಂದು ಈ ಅಧ್ಯಾಯ ಬರೆದ, ಕಾದಂಬರಿಯ ನಾಯಕನಿಗೆ ಮಗನ ಹೆಸರಿಟ್ಟ. ಇಷ್ಟೆಲ್ಲ ಆದವನು ಇವಾನ್‌ನ ಬಾಯಿ ಮುಚ್ಚಿಸಲಿಲ್ಲ.

ಆ ರಾತ್ರಿ ಹರಿಶ್ಚಂದ್ರ ಬಂದೇ ಬಂದ. ಬರದೆ ಇರುತ್ತಾನೆಯೇ? ಹಂಪಿ ಇಲ್ಲೇ ಇದೆ, ರಾಘವಾಂಕ ನಮ್ಮವನು ಅಂತ ಕಾಕಾ ಎದೆ ಉಬ್ಬಿಸುತ್ತಾರೆ. ಜಿಲ್ಲೆ ಒಡೆದು ಹಂಪಿ ವಿಜಯನಗರಕ್ಕೆ ಹೋದದ್ದನ್ನು ಅವರು ಇನ್ನೂ ಮನಸ್ಸಿನಲ್ಲಿ ಮಂಜೂರು ಮಾಡಿಲ್ಲ. ಕತೆ ಶುರುವಾಗುವುದೇ ಇಂದ್ರನ ಸಭೆಯಲ್ಲಿ ವಸಿಷ್ಠ-ವಿಶ್ವಾಮಿತ್ರರ ಹಟದಿಂದ. ಇವರಿಬ್ಬರ ಪಣಕ್ಕೆ ಲೋಹಿತಾಶ್ವ ಹಾವು ಕಚ್ಚಿ ಸಾಯಬೇಕು, ಚಂದ್ರಮತಿ ಅವನ ಹೆಣ ಹೊತ್ತು ಸುಡುಗಾಡಿಗೆ ಬರಬೇಕು. ಬೈಬಲ್ಲಿನ ಯೋಬನ ಕತೆಯೂ ಹೀಗೇ, ದೇವರಿಗೂ ಸೈತಾನನಿಗೂ ನಡುವಿನ ಪಂದ್ಯ. ಜೋಸಿಮಾ ಚಿಕ್ಕವನಿದ್ದಾಗ ಚರ್ಚಿನಲ್ಲಿ ಯೋಬನ ಕತೆ ಕೇಳಿದ್ದನ್ನು ನೆನೆಯುತ್ತಾನೆ. ಹೊಸ ಮಕ್ಕಳು ಹುಟ್ಟಿದರೆ ಹಳೆಯ ಮಕ್ಕಳನ್ನು ಮರೆಯಲಾದೀತೇ ಎಂದು ತಾನೇ ಕೇಳಿ, ಹಳೆಯ ದುಃಖ ಮೆಲ್ಲಗೆ ಹದವಾದ ಸಂತೋಷಕ್ಕೆ ತಿರುಗುತ್ತದೆ, ಅದು ಬದುಕಿನ ಗುಟ್ಟು ಅನ್ನುತ್ತಾನೆ.

ಕಾಕಾಗೆ ಈ ಮಾತು ಸರಿ. 'ಕೊನೀಗೆ ವಿಶ್ವನಾಥ ಬಂದ, ಹುಡುಗ ಎದ್ದು ಕೂತ, ರಾಜ್ಯಾನೂ ಸಿಕ್ತು. ಇನ್ನೇನು?' ಗೆಳೆಯ ಬಿಡಲಿಲ್ಲ. 'ಮಾಸ್ತರ್ರ, ಹುಡುಗ ಎದ್ದ ಸರಿ. ಸುಡುಗಾಡಿಗೆ ಹೊತ್ಕೊಂಡು ಬಂದ ಆ ರಾತ್ರಿ ಆಕಿಗೆ ವಾಪಸ್ ಕೊಟ್ರಾ? ಮತ್ತ ಪಣ ಕಟ್ಟಿದ ಇಬ್ರಿಗೆ ಏನಾತು?' ಹೆಚ್ಚೇನೂ ಆಗಲಿಲ್ಲ. ಋಷಿಗಳು ಋಷಿಗಳಾಗಿಯೇ ಉಳಿದರು. ನನಗೆ ಇದು ಶುದ್ಧ ರಾಜಕೀಯ ಪ್ರಶ್ನೆ ಅನ್ನಿಸಿತು. ನಮ್ಮ ಪಕ್ಕದ, ಕೃಷ್ಣೆ-ತುಂಗಭದ್ರೆಯರ ನಡುವಿನ ಸೀಮೆಗೆ ವಿಜಯನಗರದವರೂ ಬಹಮನಿಗಳೂ, ಆಮೇಲೆ ಬಿಜಾಪುರದವರೂ ತಲೆತಲಾಂತರ ಬಡಿದಾಡಿದರು. 1520ರ ರಾಯಚೂರು ಯುದ್ಧ ಗೆದ್ದವರ ಹೆಸರು ಎಲ್ಲರಿಗೂ ಗೊತ್ತು. ತುಳಿದುಹೋದ ಜೋಳದ ಹೊಲ ಯಾರದು ಅಂತ ಯಾವ ಶಾಸನ ಬರೆದಿದೆ? ಆದರೂ ಜೋಸಿಮಾನ ಮಾತನ್ನು ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ. ಮಗ ಹೋದ ಮನೆಗಳನ್ನು ನೋಡಿದ್ದೇನೆ. ಅವು ಬದುಕುತ್ತವೆ, ಹಬ್ಬ ಮಾಡುತ್ತವೆ, ನಗುತ್ತವೆ ಕೂಡ. ಅದು ಮರೆವು ಅಲ್ಲ. ಇವಾನ್‌ನ ಲೆಕ್ಕದಲ್ಲಿ ಅದಕ್ಕೆ ಜಾಗ ಇಲ್ಲ.

ಮಹಾ ವಿಚಾರಣಾಧಿಕಾರಿಯ ಅಧ್ಯಾಯಕ್ಕೆ ಮೂರು ರಾತ್ರಿ ಹಿಡಿಯಿತು. ನಮ್ಮ ಮನೆಯ ಅತಿ ದೊಡ್ಡ ಜಗಳ ಅದೇ. ಕ್ರಿಸ್ತ ಸ್ಪೇನಿನ ಸೆವಿಲ್ ನಗರಕ್ಕೆ ತಿರುಗಿ ಬರುತ್ತಾನೆ. ಧರ್ಮದ ವಿರೋಧಿಗಳನ್ನು ಸುಡಿಸುವ ತೊಂಬತ್ತು ವರ್ಷದ ಕಾರ್ಡಿನಲ್ ಅವನನ್ನೇ ಹಿಡಿದು ಸೆರೆಗೆ ಹಾಕುತ್ತಾನೆ. ಜನರಿಗೆ ನೀನು ಸ್ವಾತಂತ್ರ್ಯ ಕೊಟ್ಟೆ, ಅವರಿಗೆ ಬೇಕಿದ್ದದ್ದು ರೊಟ್ಟಿ ಅನ್ನುತ್ತಾನೆ. ಪವಾಡ, ರಹಸ್ಯ, ಅಧಿಕಾರ, ಈ ಮೂರರಿಂದ ನಾವು ಅವರನ್ನು ಸುಖವಾಗಿಟ್ಟಿದ್ದೇವೆ, ನೀನು ಬಂದು ಕೆಡಿಸಬೇಡ ಅನ್ನುತ್ತಾನೆ.

ಕಾಕಾ ಕೂಡಲೇ 'ಗ್ಯಾರಂಟಿ!' ಅಂದರು. ಅಕ್ಕಿ ಕೊಟ್ಟು, ಎರಡು ಸಾವಿರ ಕೊಟ್ಟು, ಬಸ್ ಫ್ರೀ ಮಾಡಿ ಜನರನ್ನು ಕುರಿ ಮಾಡಿದ್ದಾರೆ, ಈ ಮುದುಕ ಹೇಳುವುದು ಇದನ್ನೇ ಅಂತ ಅವರ ವಾದ. 2023ರಿಂದ ಕೇಳಿ ಕೇಳಿ ನನಗೆ ಬಾಯಿಪಾಠ ಆಗಿದೆ. ನಾನು ಎದುರು ಮಾತಾಡುವ ಮೊದಲೇ ಚಿಗವ್ವ ಆ ರೊಟ್ಟಿಯ ಮಾತನ್ನು ಇನ್ನೊಮ್ಮೆ ಹೇಳು ಅಂದರು. ಪುಸ್ತಕದಲ್ಲಿ ಮುದುಕನೇ ಒಪ್ಪಿಕೊಳ್ಳುತ್ತಾನೆ: ಜನರ ಕೈಯಿಂದಲೇ ಅವರು ಮಾಡಿದ ರೊಟ್ಟಿ ಕಸಿದುಕೊಂಡು ಅವರಿಗೇ ಹಂಚುತ್ತೇವೆ, ಅದರಲ್ಲಿ ಪವಾಡ ಏನೂ ಇಲ್ಲ ಅಂತ ಅವರಿಗೂ ಕಾಣುತ್ತದೆ, ಆದರೂ ನಮ್ಮ ಕೈಯಿಂದ ತಗೊಳ್ಳುವುದೇ ಅವರಿಗೆ ಖುಷಿ. 'ಹಂಗಂದ್ರ ಅಕ್ಕಿ ಯಾರಪ್ಪಂದು?' ಅಂತ ಚಿಗವ್ವ ಕಾಕಾನ ಕಡೆ ತಿರುಗಿದರು. 'ಸಿರುಗುಪ್ಪದಾಗ ನಾಟಿ ಹಚ್ಚಾಕ ಕೆಸರಾಗ ಬಗ್ಗಿ ನಿಂತವರು ಹೆಣ್ಮಕ್ಕಳು. ಅವರಿಗೆ ಅಕ್ಕಿ ಕೊಟ್ರ ಬಿಟ್ಟಿ. ನಿಮ್ಮ ಪಿಂಚಣಿ ಬಿಟ್ಟಿ ಅಲ್ಲ.'

ಕಾಕಾಗೆ ಸಿಟ್ಟು ಬಂತು. ಆದರೆ ಮರುದಿನ ಅವರು ತಂದ ಪ್ರಶ್ನೆ ಚೆನ್ನಾಗಿತ್ತು. ಅಕ್ಕಿ ಅವರದೇ ಅಂದ ಮೇಲೆ ಚೀಲದ ಮೇಲೆ, ಬ್ಯಾನರ್ ಮೇಲೆ ನಾಯಕರ ಮುಖ ಯಾಕೆ? ಅದು ಎಲ್ಲ ಪಕ್ಷದವರೂ ಮಾಡುವ ಕೆಲಸ, ಕೇಂದ್ರದ್ದೂ ರಾಜ್ಯದ್ದೂ. ಇಲ್ಲಿ ನಾನು ಅವರ ಕಡೆ. ಹಸಿದವರಿಗೆ ಅನ್ನ ಕೊಡುವುದನ್ನು ಆ ಮುದುಕನ ಹಂಚಿಕೆ ಅನ್ನುವುದು ಅನ್ಯಾಯ, ಅವನು ಅನ್ನಕ್ಕೆ ಬದಲಾಗಿ ಮನಸ್ಸಾಕ್ಷಿ ಕೇಳುತ್ತಾನೆ. ಆದರೆ ವೋಟಿನ ಹಿಂದಿನ ದಿನ ಮನೆಗೆ ಬಂದು 'ತಿಂದದ್ದು ನೆನಪಿರಲಿ ಅಕ್ಕಾರ' ಅನ್ನುವವ ಆ ಮುದುಕನ ಪೈಕಿಯೇ. ಇಷ್ಟಕ್ಕೆ ಕಾಕಾ, ನಾನು, ಚಿಗವ್ವ ಮೂವರೂ ಒಪ್ಪಿದೆವು. ನಮ್ಮ ಮನೆಯಲ್ಲಿ ಅದು ಸಣ್ಣ ಸಂಗತಿ ಅಲ್ಲ.

ಉಳ್ಳಾಗಡ್ಡಿ ಕತೆ ಕಾಕಾಗೆ ಬಹಳ ಸೇರಿತು. ಕೆಟ್ಟ ಮುದುಕಿಯೊಬ್ಬಳು ಬದುಕಿನಲ್ಲಿ ಮಾಡಿದ ಒಂದೇ ಪುಣ್ಯ, ಭಿಕ್ಷುಕಿಗೆ ಉಳ್ಳಾಗಡ್ಡಿ ಕೊಟ್ಟದ್ದು. ದೇವದೂತ ಅದೇ ಉಳ್ಳಾಗಡ್ಡಿ ಚಾಚಿ ಅವಳನ್ನು ಬೆಂಕಿಯ ಕೆರೆಯಿಂದ ಮೇಲೆ ಎಳೆಯುತ್ತಾನೆ. ಉಳಿದವರೂ ಜೋತುಬೀಳುತ್ತಾರೆ. ಉಳ್ಳಾಗಡ್ಡಿ ನಂದು ಅಂತ ಅವಳು ಒದೆಯುತ್ತಾಳೆ, ಅದು ಹರಿಯುತ್ತದೆ. 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಒಳಮೀಸಲಾತಿ ಮಾಡಬಹುದು ಅಂದ ಮೇಲೆ ಊರಲ್ಲೆಲ್ಲ ಯಾರ ಪಾಲು ಎಷ್ಟು ಅನ್ನುವುದೇ ಮಾತು. ಅದನ್ನು ಎತ್ತಿ ಯಾರಾದರೂ ಒಬ್ಬರಿಗೆ ಬುದ್ಧಿ ಹೇಳುತ್ತಾರೆ ಅಂದುಕೊಂಡಿದ್ದೆ. ಕಾಕಾ ತಮ್ಮದನ್ನೇ ಹೇಳಿದರು. 'ನನಗ ನೌಕರಿ ಸಿಕ್ಕಿದ್ದು ನಮ್ಮ ಮಾವ ಬೋರ್ಡಿನ್ಯಾಗ ಇದ್ದ ಅಂತ. ಅದಕ್ಕ ಯಾರೂ ಸರ್ಟಿಫಿಕೇಟ್ ಕೇಳಲಿಲ್ಲ.' ಐವತ್ತು ವರ್ಷದಲ್ಲಿ ಮನೆಯವರ ಮುಂದೆ ಅವರು ಇದನ್ನು ಹೇಳಿದ್ದು ಅವತ್ತೇ ಮೊದಲು ಅಂತ ಚಿಗವ್ವನ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ರಷ್ಯಾ ಮುಗಿದ ಮೇಲೆ 'ಚೋಮನ ದುಡಿ' ಓದಿದೆವು. ಓದಲು ಕೇಳಿದ್ದು ಗೆಳೆಯ. ಕಾರಂತರು ಅದನ್ನು ಬರೆದದ್ದು 1933ರಲ್ಲಿ. ದಾಸ್ತೊಯೆವ್‌ಸ್ಕಿಯದ್ದು ಅಲ್ಲಿ ತಿರುಗುಮುರುಗು. ದೇವರ ವಿಷಯದಲ್ಲಿ ಕಾರಂತರಿಗೆ ಅಂಥ ನಂಬಿಕೆ ಏನೂ ಇರಲಿಲ್ಲ. ಆದರೆ ಚೋಮನಿಗೆ ಇದೆ. ಉಳಲು ಒಂದು ತುಂಡು ಭೂಮಿ ಬೇಕು ಅನ್ನುವುದು ಅವನ ಒಂದೇ ಆಸೆ. ಒಬ್ಬ ಮಗ ಮುಳುಗುವಾಗ ಮುಟ್ಟಿದರೆ ಮೈಲಿಗೆ ಅಂತ ಯಾರೂ ನೀರಿಗೆ ಇಳಿಯುವುದಿಲ್ಲ. ಕ್ರೈಸ್ತನಾದರೆ ಭೂಮಿ ಸಿಕ್ಕೀತು ಅಂತ ಹೊರಟವನನ್ನು ಅವನ ದೈವ ಪಂಜುರ್ಲಿಯ ಭಯ-ಭಕ್ತಿ ತಡೆಯುತ್ತದೆ. ನಂಬದ ಲೇಖಕ ನಂಬುವವನನ್ನು ಅಲ್ಲಿ ಗೇಲಿ ಮಾಡುವುದಿಲ್ಲ, ಅವನ ಕಾಲನ್ನು ಚರ್ಚಿನ ಕಡೆ ತಳ್ಳುವುದೂ ಇಲ್ಲ.

ಕಾಕಾ ಚೋಮ ಮಾಡಿದ್ದು ಸರಿ ಅಂದರು. ಹುಡುಗನಾಗಿದ್ದಾಗ, 1973ರಲ್ಲಿ, ಸಂಡೂರಿನ ಇನಾಂ ಜಮೀನು ಉಳುವವರಿಗೆ ಸಿಗಲಿ ಅಂತ ನಡೆದ ಹೋರಾಟಕ್ಕೆ ಹೋಗಿದ್ದವರು ಅವರು. ಭೂಮಿ ಬೇಕಿದ್ದರೆ ಹೋರಾಡಿ ತಗೋಬೇಕು, ದೇವರನ್ನು ಯಾಕೆ ಬಿಡಬೇಕು ಅಂತ ಅವರ ವಾದ. 1974ರಲ್ಲಿ ಭೂಸುಧಾರಣೆ ಬಂತಲ್ಲ ಅಂದರು. ಬಂತು, ಆದರೆ ಅದು ಗೇಣಿದಾರರಿಗೆ. ಚೋಮನಂಥ ಕೂಲಿಯವನ ಹೆಸರು ಯಾವ ಪಹಣಿಯಲ್ಲೂ ಇರಲಿಲ್ಲ.

ಗೆಳೆಯನ ಅಜ್ಜ ಚೋಮನ ಹಾಗೆ ಪಂಜುರ್ಲಿಗೆ ನಿಲ್ಲದೆ ಮುಂದೆ ಹೋಗಿ ಕ್ರೈಸ್ತರಾದವರು. ಈ ಊರಿಗೆ ಅದು ಹೊಸದಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲೇ ಬಳ್ಳಾರಿಗೆ ಬಂದರು, ಬೈಬಲ್ಲನ್ನು ಕನ್ನಡಕ್ಕೆ ತರಲು ವರ್ಷಗಟ್ಟಲೆ ದುಡಿದರು. 'ಭೂಮಿ ಸಿಗಲಿಲ್ಲ ಮಾಸ್ತರ್ರ, ಓದು ಸಿಕ್ತು' ಅಂದ ಗೆಳೆಯ. 'ಓಣಿಯವರು ನಮ್ಮ ಜಾತಿ ಮರೆತಿಲ್ಲ. ಸರ್ಕಾರದ ಕಾಗದ ಮಾತ್ರ ಮರೆತೈತಿ.' ಅವನು ಹೇಳುತ್ತಿದ್ದದ್ದು 1950ರ ರಾಷ್ಟ್ರಪತಿ ಆದೇಶ, ಹಿಂದೂ ಧರ್ಮ ಬಿಟ್ಟವರನ್ನು ಪರಿಶಿಷ್ಟ ಜಾತಿ ಅಂತ ಎಣಿಸಬಾರದು ಅಂದದ್ದು. ಪರಿಶಿಷ್ಟ ಜಾತಿಯ ಪಟ್ಟಿಗೆ 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ಕ್ರೈಸ್ತರಾದ, ಮುಸ್ಲಿಮರಾದ ದಲಿತರು ಇಂದಿಗೂ ಹೊರಗೆ.

'ಹಂಗಾರ ಏಸು ಹತ್ರನೂ ಜಾತಿ ಐತಿ ಅಂತ ಒಪ್ಕೊಂಡ್ಯಾ?' ಕಾಕಾ ಹಿಡಿದರು.

'ನಾ ಒಪ್ಕೊಂಡೀನ್ರಿ. ಹೆಣ ಹೂಳೋ ಜಾಗದಾಗೂ ಐತಿ. ನಿಮ್ಮ ಕಡೀದು ನೀವು ಒಪ್ಕೋರಿ.'

'ಒಪ್ಕೊಂಡೀನಿ. ಆದ್ರ ಅಕ್ಕಿ-ದುಡ್ಡು ತೋರಿಸಿ ಕರಕೊಂಡು ಹೋಗೂದು ತಪ್ಪು.'

'ನಮ್ಮಜ್ಜಗ ಅಕ್ಕಿ ಯಾರೂ ತೋರಿಸ್ಲಿಲ್ಲ. ಬಾವಿ ತೋರಿಸಿದ್ರು. ಹಗ್ಗ ಹಾಕಿ ನೀರು ಸೇದ್ಕೊ ಅಂದ್ರು.'

2022ರ ಮತಾಂತರ ತಡೆ ಕಾಯ್ದೆಯ ಬಗ್ಗೆ ಆಮೇಲೆ ತುಂಬ ಹೊತ್ತು ಮಾತು ನಡೆಯಿತು. ಯಾರೂ ಯಾರ ಕಡೆಗೂ ಬರಲಿಲ್ಲ. ಕಾಕಾ ಕಾಯ್ದೆ ಬೇಕು ಅಂತಲೇ ಇದ್ದಾರೆ, ಗೆಳೆಯ ಬೇಡ ಅಂತಲೇ ಇದ್ದಾನೆ. ಬಾವಿಯ ಮಾತು ಬಂದ ಮೇಲೆ ಕಾಕಾ ಆಮಿಷ ಅನ್ನುವ ಪದ ಬಳಸುವ ಮುಂಚೆ ಒಂದು ಗಳಿಗೆ ನಿಲ್ಲುತ್ತಾರೆ. ಅಷ್ಟೇ ಬದಲಾವಣೆ.

ಈಗ ಮುಂದಿನ ಪುಸ್ತಕದ ಜಗಳ. ಚಿಗವ್ವ 'ಗೃಹಭಂಗ' ಬೇಕು ಅಂತ ಲೈಬ್ರರಿಯಿಂದ ಆಗಲೇ ತಂದಿಟ್ಟಿದ್ದಾರೆ. ಗಂಡನ ಶಾನುಭೋಗಿಕೆಯ ಲೆಕ್ಕ ತಾನೇ ಬರೆದು, ಪ್ಲೇಗಿಗೆ ಮಕ್ಕಳನ್ನು ಕೊಟ್ಟ ನಂಜಮ್ಮನ ಬಾಯಿಂದ ಈ ಪ್ರಶ್ನೆ ಕೇಳಬೇಕಂತೆ, ಬರೀ ಗಂಡಸರ ವಾದ ಕೇಳಿ ಸಾಕಾಗಿದೆಯಂತೆ. ಭೈರಪ್ಪನವರ ರಾಜಕೀಯ ಕಾಕಾಗೆ ಇಷ್ಟ, ಗೆಳೆಯನಿಗೆ ಆಗುವುದಿಲ್ಲ. ಅವನು ಷರತ್ತು ಹಾಕಿದ್ದಾನೆ: ಅದರ ಹಿಂದೆಯೇ ದೇವನೂರರ 'ಒಡಲಾಳ' ಓದಬೇಕು, ಮಾಸ್ತರು ನಡುವೆ ಎದ್ದು ಕೆಳಗೆ ಹೋಗಕೂಡದು. ಕಾಕಾ ಪುಟ ಎಣಿಸಿ ನೋಡಿ, ಇದು ದಪ್ಪ, ಅದು ತೆಳು, ಲೆಕ್ಕ ಸರಿಹೋಗುವುದಿಲ್ಲ ಅಂತ ತಕರಾರು ತೆಗೆದಿದ್ದಾರೆ. ಹಾಗಾದರೆ 'ಒಡಲಾಳ' ಎರಡು ಸಲ ಓದೋಣ ಅಂತ ಗೆಳೆಯ.